ಮುನ್ನೂರ ಎಪ್ಪತ್ತೈದರ ತೋಟಾ

ನಾನು ಇದುವರೆಗೆ ಒಮ್ಮೆಯೂ ಕೋವಿ ಹಾರಿಸಿದವಳಲ್ಲ. ಆದರೂ ಮೂರು ವರ್ಷಗಳಿಂದ ದೋಹಾದಲ್ಲಿ ನನ್ನ ಕೆಲಸ ಬೇಟೆಯ ರೈಫಲ್‌ಗಳಿಗೆ ಅಳತೆ ತೆಗೆಯುವುದು. ಮೈಸೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಎರಡು ವರ್ಷ ಪಂಪು ತಯಾರಿಸುವ ಕಾರ್ಖಾನೆಯೊಂದರಲ್ಲಿ ಡ್ರಾಯಿಂಗ್‌ಗಳನ್ನು ತಪಾಸಣೆ ಮಾಡುತ್ತಿದ್ದೆ. ಅಲ್ಲಿಂದ ಇಲ್ಲಿಗೆ ಬಂದೆ. ಮದೀನತ್ ಖಲೀಫಾದ ಒಂದು ವಿಲ್ಲಾದ ಕೆಳಮಹಡಿಯಲ್ಲಿ ನಮ್ಮ ಆಫೀಸು. ಆಫ್ರಿಕಾಕ್ಕೆ ಬೇಟೆಗೆ ಹೋಗುವ ಇಲ್ಲಿನ ಅನುಕೂಲಸ್ಥರಿಗೆ ಪರವಾನಗಿ, ಪ್ರಯಾಣ, ಕಾಡಿನ ಶಿಬಿರ ಎಲ್ಲವನ್ನೂ ಹೊಂದಿಸಿಕೊಡುತ್ತೇವೆ. ಬೇಕೆಂದವರಿಗೆ ಅವರ ಮೈಗೆ ಒಗ್ಗುವ ರೈಫಲನ್ನೂ ಯುರೋಪಿನಲ್ಲಿ ಮಾಡಿಸಿ ತರಿಸುತ್ತೇವೆ.

ಆ ರೈಫಲ್ ಮಾಡುವವರು ನಾಲ್ಕೇ ಜನ ಕೆಲಸಗಾರರನ್ನು ಇಟ್ಟುಕೊಂಡ ಒಬ್ಬ ವಯಸ್ಸಾದ ಕುಶಲಕರ್ಮಿ. ಅವರು ದೋಹಾಕ್ಕೆ ಬಂದವರಲ್ಲ. ಎರಡು ಪುಟಗಳ ಒಂದು ಅಳತೆಯ ಹಾಳೆ ಕಳಿಸುತ್ತಾರೆ, ಅದನ್ನು ತುಂಬಿ ಸಹಿ ಮಾಡಿ ವಾಪಸ್ಸು ಕಳಿಸಬೇಕು. ಪ್ರತಿ ಸಾಲಿನಲ್ಲೂ ಎರಡು ಕಾಲಮು: ಒಂದು ಅಳತೆಗೆ, ಇನ್ನೊಂದು ಕಾರಣಕ್ಕೆ. ಭುಜದಿಂದ ಬೆರಳಿನವರೆಗೆ ಇಷ್ಟು, ಏಕೆಂದರೆ ಇವರು ದಪ್ಪ ಕೋಟು ಹಾಕುತ್ತಾರೆ, ಹೀಗೆ. ಮೊದಲ ಸಾಲೇ ತೋಟಾ, ಅಂದರೆ ಗುಂಡು ಮದ್ದು ಎರಡನ್ನೂ ಹೊತ್ತ ಕೊಳವೆ, ಯಾವುದು ಎಂಬುದು. ಅದು ನಿಶ್ಚಯವಾಗದೆ ಮುಂದಿನದು ಯಾವುದೂ ಶುರುವಾಗುವುದಿಲ್ಲ. ತೋಟಾದ ಉದ್ದ, ದಪ್ಪ ನೋಡಿಕೊಂಡೇ ಉಕ್ಕಿನ ಮೈಯನ್ನು ಕಡಿಯುತ್ತಾರೆ, ನಳಿಗೆಯ ಹಿಂಭಾಗದಲ್ಲಿ ಅದು ಕೂರುವ ಜಾಗ ಕೊರೆಯುತ್ತಾರೆ. ಕೊರೆದದ್ದನ್ನು ದೊಡ್ಡದು ಮಾಡಬಹುದು, ಚಿಕ್ಕದು ಮಾಡಲಾಗುವುದಿಲ್ಲ.

ಇದನ್ನೆಲ್ಲ ನನಗೆ ಕಲಿಸಿದವರು ನಮ್ಮ ಮ್ಯಾನೇಜರ್. ಮೈಸೂರಿನವರೇ, ನನ್ನ ದೊಡ್ಡಪ್ಪನ ಜೊತೆ ಓದಿದವರು. ಈ ಕೆಲಸ ಕೊಡಿಸಿದ್ದು ಅವರು, ಬಿನ್ ಒಮ್ರಾನಿನಲ್ಲಿ ಇಬ್ಬರು ನರ್ಸುಗಳ ಜೊತೆ ನನಗೊಂದು ಕೋಣೆ ಹುಡುಕಿದ್ದೂ ಅವರೇ. ನಾನು ಹೆಚ್ಚು ಮಾತಾಡುವವಳಲ್ಲ ಎಂಬುದು ಅವರಿಗೆ ಮೊದಲ ವಾರವೇ ಗೊತ್ತಾಗಿತ್ತು. ಅದನ್ನು ಸರಿಪಡಿಸಲು ಹೋಗದ ಮೊದಲ ಮನುಷ್ಯ ಅವರು. ನಾನು ತುಂಬಿದ ಮೊದಲ ಹಾಳೆಯನ್ನು ನೋಡಿ, "ಅಳತೆ ಯಾರು ಬೇಕಾದ್ರೂ ತೆಗೀತಾರೆ ಕಣಮ್ಮ. ಕಾರಣ ಬರೆಯೋಕ್ಕೆ ಬರಬೇಕು," ಎಂದಿದ್ದರು. ಆಮೇಲೆ ಅರ್ಧ ದಿನ ಪಕ್ಕದಲ್ಲಿ ಕೂತು ಒಂದೊಂದು ಸಾಲನ್ನೂ ಹೊಡೆದುಹಾಕಿಸಿ ಮತ್ತೆ ಬರೆಸಿದ್ದರು.

ನಾನು ಹಿರಿಯರು ಎಂದೇ ಕರೆಯುವ ಆ ಗ್ರಾಹಕರು ನಮ್ಮಲ್ಲಿಗೆ ಬಂದದ್ದು ಬೇಸಗೆಯ ಕಾವು ಇಳಿದ ಮೇಲೆ. ಎಪ್ಪತ್ತು ದಾಟಿದ ಕತಾರಿ. ಸಣ್ಣವರಿದ್ದಾಗ ತಂದೆಯ ಜೊತೆ ಮುಂಬೈಗೆ ಹೋಗಿ ಬರುತ್ತಿದ್ದರಂತೆ, ಹಾಗಾಗಿ ಅರಬ್ಬಿ, ಹಿಂದಿ, ಇಂಗ್ಲಿಷ್ ಮೂರನ್ನೂ ಒಂದೇ ವಾಕ್ಯದೊಳಗೆ ಸೇರಿಸಿ ಆಡುತ್ತಿದ್ದರು. ನನ್ನನ್ನು ಮೊದಲ ದಿನದಿಂದಲೇ 'ಬಿಂತಿ' ಎಂದು ಕರೆದರು. ಮಗಳೇ ಎಂದಂತೆ. ಆಫ್ರಿಕಾಕ್ಕೆ ಎಷ್ಟೋ ಸಲ ಹೋಗಿ ಬಂದವರು. ಹಳೆಯ ರೈಫಲನ್ನು ದೊಡ್ಡ ಮಗನಿಗೆ ಕೊಟ್ಟುಬಿಟ್ಟಿದ್ದರು. ಇನ್ನೊಂದೇ ಸಲ ಗೆಳೆಯರ ಜೊತೆ ಕಾಡೆಮ್ಮೆಯ ಬೇಟೆಗೆ ಹೋಗಬೇಕು, ಅದಕ್ಕೆ ತನ್ನದೇ ಅಳತೆಯ ರೈಫಲ್ ಬೇಕು ಎಂದರು.

ಒಬ್ಬ ಹೆಣ್ಣುಮಗಳು ಅವರ ತೋಳು, ಭುಜ ಮುಟ್ಟಿ ಅಳೆಯುವುದು ಅವರಿಗೂ ಸರಿಯಲ್ಲ, ನನಗೂ ಸರಿಯಲ್ಲ. ನಾವು ಮೊದಲೇ ಕಂಡುಕೊಂಡ ದಾರಿಯೆಂದರೆ ಟೇಪು ಹಿಡಿಯುವುದು ಬೇರೆಯವರು, ಓದುವುದು ನಾನು. ಹಿರಿಯರ ಟೇಪು ಹಿಡಿದದ್ದು ಅವರ ಡ್ರೈವರ್. ಬಂಟ್ವಾಳ ಕಡೆಯ ಬ್ಯಾರಿ, ಇಪ್ಪತ್ತು ವರ್ಷದಿಂದ ಅವರ ಮನೆಯಲ್ಲೇ ಇದ್ದವರು. "ಇವರ ಅಂಗಿ ಹೊಲಿಸುವಾಗಲೂ ನಾನೇ ಹಿಡಿಯುವುದು ಮೇಡಂ, ನನಗೆ ಬಾಯಿಪಾಠ ಉಂಟು," ಎಂದು ನನಗೆ ಕನ್ನಡದಲ್ಲಿ ಹೇಳಿದರು. ಏನು ಹೇಳಿದ್ದು ಎಂದು ಹಿರಿಯರು ಕೇಳಿದಾಗ, ನಿಮ್ಮ ಹೊಟ್ಟೆ ಕರಗಿದೆ ಎಂದು ಹೇಳಿದೆ ಎಂದರು. ಹಿರಿಯರು ನಂಬಲಿಲ್ಲ.

ಕೋಣೆಯ ಬಾಗಿಲನ್ನು ಯಾವಾಗಲೂ ತೆರೆದೇ ಇಡಬೇಕೆಂದು ಹಿರಿಯರೇ ಹೇಳಿದ್ದರು. ಮೇಜಿನ ಮೇಲೆ ನಾನು ಮೂರು ಖಾಲಿ ತೋಟಾಗಳನ್ನು ನಿಲ್ಲಿಸಿದೆ. ಮದ್ದು ಇಲ್ಲದ, ತೋರಿಸಲಿಕ್ಕೆಂದೇ ಇಟ್ಟುಕೊಂಡವು. ಮುನ್ನೂರ ಎಪ್ಪತ್ತೈದು, ನಾನೂರ ಹದಿನಾರು, ನಾನೂರ ಐವತ್ತೆಂಟು. ಇವು ಗುಂಡಿನ ಅಡ್ಡಗಲವನ್ನು ಅಂಗುಲದ ಸಾವಿರದ ಭಾಗಗಳಲ್ಲಿ ಹೇಳುವ ಸಂಖ್ಯೆಗಳು, ಈ ವ್ಯವಹಾರದಲ್ಲಿ ಎಲ್ಲರೂ ಹೆಸರಿನ ಹಾಗೆ ಬಳಸುತ್ತಾರೆ. ಸಂಖ್ಯೆ ದೊಡ್ಡದಾದಂತೆ ಹೊಡೆತವೂ ದೊಡ್ಡದು, ಹಾರಿಸಿದವನ ಭುಜಕ್ಕೆ ಬರುವ ಒದೆತವೂ ದೊಡ್ಡದು. ಒಂದೇ ತೂಕದ ರೈಫಲಿನಲ್ಲಿ ಹಾರಿಸಿದರೆ ಮೂರನೆಯದರ ಒದೆತ ಮೊದಲನೆಯದರ ಒಂದೂವರೆ ಪಟ್ಟಿಗಿಂತ ಹೆಚ್ಚು. ಹಿರಿಯರ ಗೆಳೆಯರೆಲ್ಲರ ಬಳಿ ಮೂರನೆಯದೇ ಇತ್ತು. ಗಂಡಸರು ಸೇರಿ ಹರಟುವ ಮಜ್ಲಿಸಿನಲ್ಲಿ ಅವರು ಮುನ್ನೂರ ಎಪ್ಪತ್ತೈದನ್ನು ಹೆಂಗಸರ ತೋಟಾ ಎನ್ನುತ್ತಾರೆಂದು ಹಿರಿಯರೇ ನಗುತ್ತ ಹೇಳಿದರು, ಹೇಳಿದ ಮೇಲೆ ನನ್ನ ಕಡೆ ನೋಡಿ ಕ್ಷಮೆ ಕೇಳಿದರು.

ಆಮೇಲೆ ಡ್ರೈವರನ್ನು ಕಾರಿನಿಂದ ಕನ್ನಡಕ ತರಲು ಕಳಿಸಿದರು. ಕನ್ನಡಕ ಅವರ ಜೇಬಿನಲ್ಲೇ ಇದ್ದದ್ದು ನನಗೆ ಕಾಣುತ್ತಿತ್ತು.

ಅವರು ಹೇಳಿದ್ದು ಇಷ್ಟು. ಎರಡು ವರ್ಷದ ಹಿಂದೆ ಅವರ ಬಲಗಣ್ಣಿನ ಒಳಪರದೆ ಬಿಟ್ಟುಕೊಂಡಿತ್ತು. ಹೊರದೇಶದಲ್ಲಿ ಆಪರೇಶನ್ ಮಾಡಿಸಿಕೊಂಡರು. ಮನೆಯಲ್ಲಿ ಪೊರೆ ತೆಗೆಸಿದ್ದು ಎಂದು ಹೇಳಿದ್ದರು. ತಲೆಗೆ ಜೋರಾಗಿ ಅಲುಗಾಟ ಆಗಬಾರದೆಂದು ಡಾಕ್ಟರು ಹೇಳಿದ್ದಾರೆ. ಮಕ್ಕಳಿಗೆ ತಿಳಿದರೆ ಕಾಡಿನ ಮಾತೆತ್ತಲೂ ಬಿಡುವುದಿಲ್ಲ. "ನನಗೆ ದೊಡ್ಡದು ಬೇಡ ಬಿಂತಿ. ಕಾಡೆಮ್ಮೆಗೆ ಕಾನೂನು ಒಪ್ಪುವುದರಲ್ಲಿ ಎಲ್ಲಕ್ಕಿಂತ ಮೆತ್ತಗಿನದು ಬೇಕು. ಯಾಕೆ ಅನ್ನುವುದು ನಿನ್ನಲ್ಲೇ ಇರಲಿ."

ಡಾಕ್ಟರನ್ನು ಇದಕ್ಕೆಂದೇ ಕೇಳಿದ್ದೀರಾ ಎಂದು ನಾನು ಕೇಳಿದೆ. ಇಲ್ಲ ಎಂದರು. ಕೇಳದೆ ನಾನು ಸಹಿ ಮಾಡುವುದಿಲ್ಲ ಎಂದೆ. ಒಂದು ವಾರ ಬಿಟ್ಟು ಬಂದು, ಡಾಕ್ಟರು ಬೇಡವೆಂದೇ ಹೇಳಿದರು, ಹೋಗಿಯೇ ತೀರುವುದಾದರೆ ಒದೆತ ಆದಷ್ಟು ಕಡಿಮೆ ಇರಲಿ, ಎಣಿಸಿದಷ್ಟೇ ಗುಂಡು ಹಾರಿಸಿ ಎಂದರು, ಎಂದು ಒಪ್ಪಿಸಿದರು. ಶಾಲೆಯ ಹುಡುಗನ ಹಾಗೆ ಒಂದಕ್ಷರ ಬಿಡದೆ. ನಾನು ಅಲ್ಲಿಗೇ ಕೈಬಿಡಬೇಕಿತ್ತೇ ಎಂದು ಈಗಲೂ ಕೆಲವೊಮ್ಮೆ ಯೋಚಿಸುತ್ತೇನೆ. ಆಗ ಅದೊಂದು ಲೆಕ್ಕದ ಸಮಸ್ಯೆಯಂತೆ ಕಂಡಿತ್ತು. ಬಿಡಿಸಬಲ್ಲೆ ಎಂಬ ಹಮ್ಮೂ ನನಗಿತ್ತು.

ಅವರು ಹೋಗಬೇಕಿದ್ದ ದೇಶದಲ್ಲಿ ಕಾಡೆಮ್ಮೆಗೆ ಮುನ್ನೂರ ಎಪ್ಪತ್ತೈದಕ್ಕಿಂತ ಸಣ್ಣದನ್ನು ಬಳಸುವಂತಿಲ್ಲ. ಹಾಗಾಗಿ ತೋಟಾ ಅದೇ. ಒದೆತ ಇನ್ನೂ ಇಳಿಯಬೇಕಾದರೆ ರೈಫಲ್ ಭಾರವಾಗಬೇಕು, ಭುಜಕ್ಕೆ ತಾಗುವ ಕಡೆ ರಬ್ಬರು ದಪ್ಪವಾಗಬೇಕು. ಅಭ್ಯಾಸಕ್ಕೆ ಮದ್ದು ಕಡಿಮೆ ತುಂಬಿದ ತೋಟಾಗಳು. ಮೂರು ಸಂಜೆ ಕೂತು ಲೆಕ್ಕ ಹಾಕಿ ಹಾಳೆ ತುಂಬಿದೆ. ತೋಟಾದ ಸಾಲಿನಲ್ಲಿ ಕಾರಣವೆಂದು ಬರೆದೆ: ಎಲ್ಲ ಕಡೆ ಸಿಗುತ್ತದೆ, ದೂರಕ್ಕೂ ನಿಖರ, ಬೇರೆ ಪ್ರಾಣಿಗಳಿಗೂ ಆಗುತ್ತದೆ. ಒಂದೂ ಸುಳ್ಳಲ್ಲ, ಆದರೆ ಅವು ಯಾವುವೂ ಕಾರಣಗಳಲ್ಲ.

ಹಾಳೆ ಗುರುವಾರ ಹೋಗಬೇಕಿತ್ತು. ಬುಧವಾರ ಮ್ಯಾನೇಜರ್ ಅದನ್ನು ಹಿಡಿದುಕೊಂಡು ನನ್ನ ಮೇಜಿಗೆ ಬಂದರು. ಹಿರಿಯರ ದೊಡ್ಡ ಮಗ ಫೋನ್ ಮಾಡಿದ್ದನಂತೆ. ಅಪ್ಪ ಗೆಳೆಯರ ಎದುರು ಸಣ್ಣ ಕೋವಿ ಹಿಡಿದು ನಿಲ್ಲುವುದು ಬೇಡ, ನಾನೂರ ಐವತ್ತೆಂಟೇ ಬರೆಯಿರಿ, ಅಪ್ಪನಿಗೆ ಅದು ಬಂದ ಮೇಲೆ ಗೊತ್ತಾಗಲಿ ಎಂದಿದ್ದನಂತೆ. ಅವನ ಮನಸ್ಸಿನಲ್ಲಿ ಅದು ಅಪ್ಪನಿಗೊಂದು ಉಡುಗೊರೆ. ಹಾಗೆ ಬದಲಾಯಿಸುವುದು ಸರಿಯಲ್ಲ, ಹಿರಿಯರು ತಾವೇ ಆರಿಸಿದ್ದಾರೆ ಎಂದೆ. ಮ್ಯಾನೇಜರ್ ಹಾಳೆಯನ್ನು ನನ್ನ ಮುಂದೆ ಇಟ್ಟು ತೂಕದ ಸಾಲಿನ ಮೇಲೆ ಬೆರಳಿಟ್ಟರು.

"ದೂರಕ್ಕೆ ಹೊಡೆಯೋಕ್ಕೆ, ಬೇರೆ ಪ್ರಾಣಿಗಳಿಗೂ ಆಗೋಕ್ಕೆ ಅಂತ ಮುನ್ನೂರ ಎಪ್ಪತ್ತೈದು ಬರೆದಿದ್ದೀಯ. ಅಂಥ ರೈಫಲ್ ದಿನವೆಲ್ಲ ಹೊತ್ತು ತಿರುಗೋಕ್ಕೆ ಹಗುರ ಇರಬೇಕು. ನೀನು ಇಷ್ಟು ಭಾರ ಹಾಕಿದ್ದೀಯ, ಇಷ್ಟು ದಪ್ಪ ರಬ್ಬರ್ ಹಾಕಿದ್ದೀಯ. ಈ ಅಳತೆಗೆ ಇದು ಕಾರಣ ಅಲ್ಲ. ನಿಜ ಹೇಳು, ಇಲ್ಲಾಂದ್ರೆ ನಾನು ಮಗ ಹೇಳಿದ್ದನ್ನೇ ಬರೀತೀನಿ."

ಅವರು ಕಲಿಸಿದ ಕಣ್ಣಿನಿಂದಲೇ ಅವರು ನನ್ನನ್ನು ಓದಿದ್ದರು. ಸುಮ್ಮನಿದ್ದರೆ ಮಾರನೆಯ ದಿನ ನಾನೂರ ಐವತ್ತೆಂಟು ಹೋಗುತ್ತಿತ್ತು. ಹಿರಿಯರು ಅದನ್ನು ಗೆಳೆಯರೆದುರು ಬೇಡ ಎನ್ನಲಾರದೆ ಭುಜಕ್ಕೆ ಏರಿಸುತ್ತಿದ್ದರು. ಅವರಿಗೆ ನೇರ ಫೋನ್ ಮಾಡಿ ಕೇಳಬಹುದಿತ್ತು. ಅದು ಆಗ ಹೊಳೆಯಲಿಲ್ಲ ಎಂದರೆ ಸುಳ್ಳಾದೀತು. ಹೊಳೆಯಿತು, ಆದರೆ ಅದರ ಅಗತ್ಯವಿದೆ ಎನಿಸಲಿಲ್ಲ. ಎದುರಿಗಿದ್ದವರು ಮ್ಯಾನೇಜರ್. ಹೇಳಿದೆ.

ಅವರು ಕುರ್ಚಿ ಎಳೆದುಕೊಂಡು ಕೂತು ಹಾಳೆಯನ್ನು ಇನ್ನೊಮ್ಮೆ ಓದಿದರು. ಆಮೇಲೆ, "ಒಳ್ಳೇ ಕೆಲಸ ಮಾಡಿದ್ದೀಯ. ನನ್ನ ಹತ್ರ ಬಿಡು, ಇದು ಈ ಕೋಣೆ ದಾಟಲ್ಲ," ಎಂದರು. ಹಾಳೆ ನಾನು ಬರೆದಂತೆಯೇ ಹೋಯಿತು. ಬಿನ್ ಒಮ್ರಾನಿಗೆ ಹೋಗುವ ದಾರಿಯಲ್ಲಿ ಮನಸ್ಸು ಹಗುರವಾಗಿತ್ತು. ಒಂದು ಗುಟ್ಟನ್ನು ಇಬ್ಬರು ಹೊರುವುದು ಸುಲಭ ಎಂದುಕೊಂಡಿದ್ದೆ.

ನಾಲ್ಕು ತಿಂಗಳು ಎಲ್ಲವೂ ಸರಿಯಾಗಿತ್ತು. ತಯಾರಕರು ಉಕ್ಕಿನ ಮೈಯ ಚಿತ್ರ ಕಳಿಸಿದಾಗ ಹಿರಿಯರಿಗೆ ತೋರಿಸಿದೆ. ಅವರು ಅದನ್ನು ತಮ್ಮ ಫೋನಿಗೆ ಕಳಿಸಿಕೊಂಡು, ದೊಡ್ಡದು ಮಾಡಿ, ಸಣ್ಣದು ಮಾಡಿ ನೋಡಿದರು. ಮೊಮ್ಮಗುವಿನ ಚಿತ್ರ ನೋಡುವ ಹಾಗೆ ನೋಡುತ್ತಾರೆಂದು ಡ್ರೈವರ್ ತಮಾಷೆ ಮಾಡಿದರು.

ಒಂದು ಭಾನುವಾರ ದೊಡ್ಡ ಮಗ ಆಫೀಸಿಗೆ ಬಂದ. ಅವನಿಗೂ ಅವನ ತಮ್ಮನಿಗೂ ರೈಫಲ್ ಬೇಕೆಂದು ಆರ್ಡರ್ ಆಗಿದೆ, ಅಳತೆ ತೆಗೆಯಬೇಕು ಎಂದು ಮ್ಯಾನೇಜರ್ ಬೆಳಿಗ್ಗೆಯಷ್ಟೇ ಹೇಳಿದ್ದರು. ಟೇಪು ಹಿಡಿಯಲು ಅದೇ ಡ್ರೈವರ್ ಬಂದಿದ್ದರು. ಆ ದಿನ ಅವರು ತಮಾಷೆಯಿಲ್ಲದೆ ಟೇಪಿನ ಮೇಲಷ್ಟೇ ಕಣ್ಣಿಟ್ಟಿದ್ದರು. ಮಗ ಒಳ್ಳೆಯ ಇಂಗ್ಲಿಷಿನಲ್ಲಿ, ತುಂಬ ಮರ್ಯಾದೆಯಿಂದ ಮಾತಾಡುವ ಮನುಷ್ಯ. ಒಂದು ದೊಡ್ಡ ಡಬ್ಬಿ ಬಕ್ಲಾವಾ ಮಿಠಾಯಿ ತಂದಿದ್ದ. ಅದನ್ನು ನನ್ನ ಮೇಜಿನ ಮೇಲಿಟ್ಟು, ಇದು ನಿಮಗೆ, ನಮ್ಮ ಮನೆಯವರೆಲ್ಲರ ಕಡೆಯಿಂದ ಎಂದ.

"ನೀವು ಹೇಳದೆ ಇದ್ದಿದ್ದರೆ ಅಪ್ಪನ ಕಣ್ಣಿನ ವಿಷಯ ನಮಗೆ ಗೊತ್ತೇ ಆಗುತ್ತಿರಲಿಲ್ಲ."

ಟೇಪಿನ ಮೇಲಿನ ಸಂಖ್ಯೆಯನ್ನು ನಾನು ಎರಡು ಸಲ ಓದಿದೆ, ಎರಡು ಸಲವೂ ಬೇರೆ ಬೇರೆ ಬಂತು. ಅಪ್ಪ ಈಗ ಹೋಗುವುದಿಲ್ಲ, ಪಾಸ್‌ಪೋರ್ಟ್ ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ, ಅಪ್ಪನ ಜಾಗದಲ್ಲಿ ನಾವಿಬ್ಬರೂ ಹೋಗುತ್ತೇವೆ ಎಂದ. ನಮಗೆ ನಾನೂರ ಐವತ್ತೆಂಟು ಬರೆಯಿರಿ ಎಂದ. ನಾನು ಬರೆದೆ.

ಅವನಿಗೆ ಫೋನ್ ಬಂದು ಅಂಗಳಕ್ಕೆ ಹೋದಾಗ ಡ್ರೈವರ್ ಟೇಪು ಸುತ್ತುತ್ತ, ನನ್ನ ಮುಖ ನೋಡದೆ ಹೇಳಿದರು. "ನಿಮ್ಮ ಮೈಸೂರಿನ ಸಾರ್ ಮೊನ್ನೆ ಮನೆಗೆ ಬಂದಿದ್ರು ಮೇಡಂ. ದೊಡ್ಡವನ ಹತ್ರ ಒಂದು ಗಂಟೆ ಕೂತಿದ್ರು. ಮತ್ತೆ ಮನೇಲಿ ಎಂತ ಆಗ್ಬೇಕಿತ್ತೋ ಅದು ಆಯ್ತು. ಮುದುಕರು ಎರಡು ದಿವಸದಿಂದ ಊಟಕ್ಕೆ ಕೆಳಗೆ ಬರ್ಲಿಲ್ಲ." ಟೇಪನ್ನು ಮೇಜಿನ ಮೇಲಿಟ್ಟು, "ನೀವು ಹೇಳಿದ್ದಂತೆ ಹೌದಾ?" ಎಂದರು.

ಅಷ್ಟರಲ್ಲಿ ಮಗ ಒಳಗೆ ಬಂದ.

ಅವರು ಹೋದ ಮೇಲೆ ನಾನು ಮೊದಲು ಮಾಡಿದ್ದು ಮ್ಯಾನೇಜರರನ್ನು ಕೇಳುವ ಕೆಲಸವಲ್ಲ. ತಯಾರಕರ ಜೊತೆಗಿನ ಪತ್ರಗಳೆಲ್ಲ ಇರುವ ಫೋಲ್ಡರ್ ತೆರೆದೆ. ಅವರ ಜೊತೆ ಬರೆಯುವವಳು ನಾನೊಬ್ಬಳೇ ಎಂದು ನಂಬಿದ್ದೆ. ಮ್ಯಾನೇಜರ್ ಬರೆದ ಒಂದು ಪತ್ರ ಅದರಲ್ಲಿತ್ತು. ಇದೇ ಕುಟುಂಬಕ್ಕೆ ಇನ್ನೆರಡು ದೊಡ್ಡ ರೈಫಲ್ ಬೇಕಾಗಬಹುದು, ಬೇಸಗೆಯೊಳಗೆ ಆದೀತೇ, ಮೊದಲನೆಯದು ಬಹುಶಃ ನಿಲ್ಲಬಹುದು, ಅದರ ಸರದಿಯನ್ನು ಇವಕ್ಕೆ ಕೊಡಬಹುದೇ ಎಂದು ಕೇಳಿದ್ದರು. ತಾರೀಖು ನೋಡಿದೆ. ನಾನು ಅವರಿಗೆ ಹೇಳಿದ ಬುಧವಾರದ ಮರುದಿನ. ನನ್ನ ಹಾಳೆ ಹೊರಟ ದಿನವೇ.

ನಾಲ್ಕು ತಿಂಗಳ ಕಾಲ ಅವರು ನನಗೆ ಚಿತ್ರಗಳನ್ನು ತೋರಿಸಲು ಬಿಟ್ಟಿದ್ದರು.

ಅವರ ಕೋಣೆಗೆ ಹೋಗಿ ಕೇಳಿದೆ. ನಿಂತೇ ಕೇಳಿದೆ. "ನೀವು ಹೇಳಿದ್ರಾ ಸರ್?"

"ಹೇಳಬೇಕಾಯ್ತು. ಕೂತ್ಕೋ ಮೊದಲು," ಎಂದರು. ನಾನು ಕೂರಲಿಲ್ಲ. ನಾಳೆ ಕಾಡಿನಲ್ಲಿ ಅವರಿಗೆ ಏನಾದರೂ ಆದರೆ ಕೇಳುವುದು ಹಾಳೆಯ ಮೇಲೆ ಸಹಿ ಮಾಡಿದ ನನ್ನನ್ನೇ ಎಂದರು. ನಾನಿನ್ನೂ ಚಿಕ್ಕವಳು, ಇಲ್ಲಿಯ ದೊಡ್ಡ ಮನೆಗಳ ಸಿಟ್ಟು ನನಗೆ ಗೊತ್ತಿಲ್ಲ ಎಂದರು. ನನ್ನನ್ನು ಕಾಪಾಡಲಿಕ್ಕೇ ಮಾಡಿದ್ದು ಎಂದರು. ಅದರಲ್ಲಿ ಸ್ವಲ್ಪ ನಿಜವೂ ಇದ್ದಿರಬಹುದು. ಮಗ ಅಪ್ಪನನ್ನು ತಡೆದದ್ದು ತಪ್ಪೆಂದು ನಾನು ಇವತ್ತಿಗೂ ಹೇಳಲಾರೆ. ನನ್ನ ಅಪ್ಪನಾಗಿದ್ದರೆ ನಾನೂ ಪಾಸ್‌ಪೋರ್ಟ್ ಬಚ್ಚಿಡುತ್ತಿದ್ದೆನೇನೋ.

"ನನ್ನ ಹೆಸರು ಯಾಕೆ ಹೇಳಿದ್ರಿ?"

ಅವರು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸಿದರು. "ನಿಮಗೆ ಹೆಂಗೆ ಗೊತ್ತಾಯ್ತು ಅಂತ ಕೇಳಿದ್ರು. ನಾನೇನು ಅವರ ಕಣ್ಣಿನ ಡಾಕ್ಟರಾ? ಯಾರಾದ್ರೂ ಹೇಳಿರಲೇಬೇಕಲ್ಲ."

ಪತ್ರದ ತಾರೀಖಿನ ವಿಷಯ ನಾನು ಎತ್ತಲಿಲ್ಲ. ಎತ್ತಿದರೆ ಅದಕ್ಕೂ ಒಂದು ಕಾರಣ ಸಿದ್ಧವಿರುತ್ತಿತ್ತು. ಕಾರಣ ಬರೆಯಲು ಅವರಿಗಿಂತ ಚೆನ್ನಾಗಿ ಬಲ್ಲವರನ್ನು ನಾನು ಕಂಡಿಲ್ಲ. ಹೊರಗೆ ಬರುವಾಗ, "ತುಂಬಾ ಮನಸ್ಸಿಗೆ ಹಚ್ಕೋಬೇಡಮ್ಮ. ಇಲ್ಲಿ ಎಲ್ಲ ಹಿಂಗೇ," ಎಂದರು. ಅಲ್ಲಿಯವರೆಗಿನ ಎರಡು ವರ್ಷದಲ್ಲಿ ಅವರ ಯಾವ ಮಾತೂ ನನ್ನನ್ನು ಇಷ್ಟು ದೂರ ತಳ್ಳಿರಲಿಲ್ಲ.

ಆ ವಾರವೆಲ್ಲ ಹಿರಿಯರಿಗೆ ಫೋನ್ ಮಾಡಬೇಕೆಂದು ಅಂದುಕೊಂಡೆ. ಏನು ಹೇಳಬೇಕೆಂದು ಇಂಗ್ಲಿಷಿನಲ್ಲಿ ಬರೆದುಕೊಂಡೆ, ಹಿಂದಿಯಲ್ಲಿ ಬರೆದುಕೊಂಡೆ. ನಾನು ಹೇಳಿದ್ದು ನಿಮ್ಮ ಮಗನಿಗಲ್ಲ ಎಂಬುದು ಎರಡರಲ್ಲೂ ಮೊದಲ ವಾಕ್ಯ. ನಿಮ್ಮ ತೋಟಾ ಬದಲಾಗದಿರಲಿ ಎಂದು ಹೇಳಿದೆ ಎಂಬುದು ಎರಡನೆಯದು. ಓದಿ ನೋಡಿದರೆ ಎರಡೂ ಸರಿಯಾಗಿದ್ದವು. ನಾನು ಫೋನ್ ಮಾಡಲಿಲ್ಲ.

ಅವರೇ ಬಂದರು. ಬೆಳಿಗ್ಗೆ ಹತ್ತರ ಹೊತ್ತು, ಮ್ಯಾನೇಜರ್ ವೀಸಾದ ಕೆಲಸಕ್ಕೆ ಹೊರಗೆ ಹೋಗಿದ್ದರು. ಡ್ರೈವರ್ ಬಾಗಿಲವರೆಗೆ ಬಿಟ್ಟು ಕಾರಿಗೆ ಹೋದರು. ಹಿರಿಯರು ಎಂದಿನ ಕುರ್ಚಿಯಲ್ಲಿ ಕೂತರು. ಬಾಗಿಲು ತೆರೆದೇ ಇತ್ತು. ನಾನು ಚಹಾ ತಂದಿಟ್ಟೆ. ಅವರ ಮುಖದಲ್ಲಿ ಸಿಟ್ಟು ಹುಡುಕಿದೆ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಬಿಂತಿ, ನೀನು ಹೇಳಿದೆಯಾ?"

ಬರೆದುಕೊಂಡಿದ್ದ ಎರಡು ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. "ಹೇಳಿದೆ. ಒಬ್ಬರಿಗೆ ಮಾತ್ರ," ಎಂದೆ.

ಅವರು ತಲೆಯಾಡಿಸಿದರು. ಚಹಾದ ಲೋಟವನ್ನು ಎತ್ತಿ, ಕುಡಿಯದೆ ಮತ್ತೆ ಇಟ್ಟರು.

"ನಾನೂ ಒಬ್ಬರಿಗೆ ಮಾತ್ರ ಹೇಳಿದ್ದೆ."

ನನಗೆ ಅಳು ಬರಲಿಲ್ಲ. ಬಂದಿದ್ದರೆ ಅವರು ಸಮಾಧಾನ ಹೇಳುತ್ತಿದ್ದರು, ಅದನ್ನು ಪಡೆಯುವ ಹಕ್ಕು ನನಗಿರಲಿಲ್ಲ. ನನಗೆ ದ್ರೋಹವಾಗಿದೆ ಎಂದು ಆ ವಾರವೆಲ್ಲ ಒಳಗೊಳಗೇ ಕುದಿಯುತ್ತಿದ್ದೆ. ಆಗಿದ್ದು ನಿಜವೇ. ಆದರೆ ಆ ಕುರ್ಚಿಯಲ್ಲಿ ಕೂತಿದ್ದ ಮನುಷ್ಯನಿಗೆ ನಾನು ಕೂಡ ಒಬ್ಬ ಮ್ಯಾನೇಜರ್.

ರೈಫಲ್ ಎಲ್ಲಿಯವರೆಗೆ ಬಂದಿದೆ ಎಂದು ಕೇಳಿದರು. ಉಕ್ಕಿನ ಮೈ ಆಗಿದೆ, ನಳಿಗೆ ಇನ್ನೂ ಕೊರೆದಿಲ್ಲ ಎಂದೆ. ಪ್ರಯಾಣವನ್ನು ನಿಮ್ಮ ಮಗ ತಡೆಯಬಹುದು, ರೈಫಲ್ ನಿಮ್ಮ ಹೆಸರಿನಲ್ಲಿದೆ, ಅದನ್ನು ಯಾರೂ ನಿಲ್ಲಿಸಲಾಗುವುದಿಲ್ಲ, ಬೇಕೆಂದರೆ ನಾನೇ ನೋಡಿಕೊಳ್ಳುತ್ತೇನೆ ಎಂದೆ. ಅವರು ಸ್ವಲ್ಪ ನಕ್ಕರು. ತಂದು ಗೋಡೆಗೆ ಹಾಕಿದರೆ ಮಜ್ಲಿಸಿಗೆ ಬಂದವರೆಲ್ಲ ಕೇಳುತ್ತಾರೆ, ಪ್ರತಿಯೊಬ್ಬರಿಗೂ ಕಣ್ಣಿನ ಕಥೆ ಹೇಳಬೇಕಾಗುತ್ತದೆ ಎಂದರು. "ಖಲಾಸ್. ಈಗಲೇ ಬರೆದುಬಿಡು. ನಾನು ಇಲ್ಲಿರುವಾಗಲೇ."

ನಾನು ಬರೆದೆ. ಗ್ರಾಹಕರು ಆರ್ಡರನ್ನು ಹಿಂತೆಗೆದುಕೊಂಡಿದ್ದಾರೆ, ದಯವಿಟ್ಟು ಕೆಲಸ ನಿಲ್ಲಿಸಿ ಎಂಬ ಎರಡೇ ಸಾಲು. ಪರದೆಯನ್ನು ಅವರ ಕಡೆ ತಿರುಗಿಸಿದೆ. ಅವರು ಮುಖವನ್ನು ಸ್ವಲ್ಪ ಓರೆ ಮಾಡಿ, ಎಡಗಣ್ಣನ್ನು ಹತ್ತಿರ ತಂದು ಓದಿದರು. ಹಾಗೆ ಓದುವುದನ್ನು ಅವರು ನನ್ನೆದುರು ಯಾವತ್ತೂ ಬಚ್ಚಿಟ್ಟಿರಲಿಲ್ಲ. ನನ್ನೆದುರು ಮಾತ್ರ ಹಾಗೆ ಓದುತ್ತಿದ್ದರು ಎಂಬುದು ನನಗೆ ಆಗ ಅರ್ಥವಾಯಿತು. ಓದಿ ಮುಗಿಸಿ ಕೈಸನ್ನೆ ಮಾಡಿದರು, ನಾನು ಕಳಿಸಿದೆ. ಏಳುವಾಗ ಕುರ್ಚಿಯ ತೋಳು ಹಿಡಿದುಕೊಂಡರು. ಚಹಾ ಹಾಗೇ ಇತ್ತು. ಬಾಗಿಲ ಬಳಿ ನಿಂತು ಸಲಾಂ ಹೇಳಿದರು, ಬಿಂತಿ ಎನ್ನಲಿಲ್ಲ.

ಮಧ್ಯಾಹ್ನ ಮ್ಯಾನೇಜರ್ ವಾಪಸ್ಸು ಬಂದರು. ಹಿರಿಯರು ಬಂದಿದ್ದರೆಂದು ಗೇಟಿನವನು ಹೇಳಿದ್ದಿರಬೇಕು, ನೇರ ನನ್ನ ಮೇಜಿಗೇ ಬಂದರು.

"ಏನಂದ್ರು?"

"ಆರ್ಡರ್ ಬೇಡ ಅಂದ್ರು. ನಿಲ್ಲಿಸೋಕ್ಕೆ ಬರೆದಿದ್ದೀನಿ."

"ಅಷ್ಟೇನಾ? ಬೇಜಾರು ಮಾಡ್ಕೊಂಡಿದ್ರಾ? ನನ್ನ ಬಗ್ಗೆ ಏನಾದ್ರೂ?"

ಅವರ ದನಿಯಲ್ಲಿ ನಿಜವಾದ ಕಳವಳವಿತ್ತು. ಮೊದಲಾಗಿದ್ದರೆ ಹಿರಿಯರು ಲೋಟ ಎತ್ತಿ ಇಟ್ಟದ್ದರಿಂದ ಹಿಡಿದು ಎಲ್ಲವನ್ನೂ ಹೇಳುತ್ತಿದ್ದೆ. ಈ ಊರಿನಲ್ಲಿ ನಾನು ಹಾಗೆ ಹೇಳಿಕೊಳ್ಳುತ್ತಿದ್ದದ್ದು ಅವರೊಬ್ಬರಿಗೇ.

"ಅಷ್ಟೇ ಸರ್," ಎಂದೆ.

ಅವರು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು. ನಾನು ಅವರ ಕಡೆ ನೋಡದೆ ಹಿರಿಯರು ಬಿಟ್ಟುಹೋದ ಲೋಟವನ್ನು ತೊಳೆಯಲು ಎತ್ತಿಕೊಂಡು ಹೋದೆ.